ಅಟ್ಟದ ಇಲಿ: ವಿಷ ಕೊನೆಗೆ, ಬೋನು ಮೊದಲು

ಕಾಸರಗೋಡಿನ ಹಂಚಿನ ಮನೆಗಳಲ್ಲಿ ಮೇ ಮುಗಿಯುವಷ್ಟರಲ್ಲಿ ಒಣಗಿದ ಅಡಿಕೆ, ತೆಂಗಿನಕಾಯಿ ಅಟ್ಟ ಸೇರುತ್ತವೆ. ಬೆನ್ನಿಗೇ ಇಲಿಗಳೂ. ಆಗ ಹೆಚ್ಚಿನವರು ಮೊದಲು ಅಂಗಡಿಗೆ ಹೋಗಿ ಪಾಷಾಣ ತರುತ್ತಾರೆ. ಬ್ರೊಮಾಡಿಯೋಲೋನ್ ಎಂಬ ಇಲಿಪಾಷಾಣ ತಿಂದ ಇಲಿ ಸಾಯಲು ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ಅದು ಅಡಿಕೆ ಮೂಟೆಯ ಹಿಂದೆಯೋ ಮುಚ್ಚಿಗೆಯ ಸಂದಿನಲ್ಲೋ ಹೋಗಿ ಬಿದ್ದಿರುತ್ತದೆ. ನಾತ ಬಂದ ಮೇಲೆ ಹುಡುಕಾಟ. ಹಳದಿ ರಂಜಕದ ಪೇಸ್ಟಂತೂ ಮನೆಯೊಳಗೆ ಬೇಡವೇ ಬೇಡ. ಮಗು ಬಾಯಿಗೆ ಹಾಕಿಕೊಂಡರೆ ಲಿವರ್ ಹಾಳಾಗುತ್ತದೆ, ಅದಕ್ಕೆಂದೇ ಇರುವ ಪ್ರತಿವಿಷವಿಲ್ಲ.

ಮೊದಲು ದಾರಿ ಹುಡುಕಿ. ರಾತ್ರಿ ಗೋಡೆಯ ಬುಡಕ್ಕೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿದರೆ ಬೆಳಗ್ಗೆ ಪುಟ್ಟ ಹೆಜ್ಜೆಗಳೂ ನಡುವೆ ಬಾಲ ಎಳೆದ ಗೆರೆಯೂ ಕಾಣುತ್ತವೆ. ಪಕಾಸಿನ (ಮಾಡಿನ ಹಂಚು ಹೊರುವ ಮರದ) ಮೇಲೆ ಕಪ್ಪು ಜಿಡ್ಡು ಹಿಡಿದಿದ್ದರೆ ಅದು ನಿತ್ಯದ ಓಡಾಟದ ಜಾಗ. ಬಿಲಕ್ಕೆ ಪೇಪರ್ ಉಂಡೆ ತುರುಕಿ. ಎರಡು ದಿನದಲ್ಲಿ ಹೊರಗೆ ಬಿದ್ದಿದ್ದರೆ ಒಳಗೆ ಇಲಿ ಇದೆ.

ತೂತು ಕಂಡ ಕೂಡಲೇ ಸಿಮೆಂಟ್ ಮೆತ್ತಬೇಡಿ. ಒಳಗೇ ಉಳಿದ ಇಲಿ ಮರ, ವಯರು ಕಡಿದು ಹೊಸ ದಾರಿ ಮಾಡುತ್ತದೆ. ಮೊದಲು ಬೋನು, ಅಟ್ಟಕ್ಕೆ ಮೂರು ನಾಲ್ಕಾದರೂ ಬೇಕು. ಹೊಸ ವಸ್ತು ಕಂಡರೆ ಇಲಿ ದೂರ ನಿಲ್ಲುತ್ತದೆ. ಆದ್ದರಿಂದ ಮೂರು ರಾತ್ರಿ ಬೋನಿನ ಬಾಗಿಲನ್ನು ತೆರೆದೇ ಕಟ್ಟಿ, ತಿನ್ನಲು ಮಾತ್ರ ಇಡಿ. ನಾಲ್ಕನೆಯ ರಾತ್ರಿ ಹೂಡಿ. ಕೆಂಡದಲ್ಲಿ ಸುಟ್ಟ ಕೊಬ್ಬರಿಯಷ್ಟು ಚೆನ್ನಾಗಿ ಕೆಲಸ ಮಾಡುವುದು ಕಡಿಮೆ. ಹೆಬ್ಬೆರಳ ಉಗುರಿನಷ್ಟು ಸಾಕು. ಕೊಕ್ಕೆಗೆ ಸುಮ್ಮನೆ ಸಿಕ್ಕಿಸಿದರೆ ಬಾಗಿಲು ಬೀಳುವ ಮೊದಲೇ ಕಚ್ಚಿಕೊಂಡು ಹೋಗುತ್ತದೆ, ನೂಲಿನಿಂದ ಬಿಗಿದು ಕಟ್ಟಿ. ಬೋನು ಗೋಡೆಗೆ ತಾಗಿರಲಿ: ಇಲಿ ಬಯಲಿನಲ್ಲಿ ಓಡುವುದಿಲ್ಲ, ಮೀಸೆಯನ್ನು ಗೋಡೆಗೆ ಸವರುತ್ತ ಓಡುತ್ತದೆ.

ಬೂದಿಯಲ್ಲಿ ಎರಡು ಮೂರು ರಾತ್ರಿ ಹೆಜ್ಜೆ ಕಾಣದಿದ್ದರೆ ಮುಚ್ಚುವ ಕೆಲಸ ಶುರುಮಾಡಿ. 6 ಮಿ.ಮೀ. ಸಂದು ಚಿಟ್ಟಿಲಿಗೆ, 12 ಮಿ.ಮೀ. ದೊಡ್ಡ ಇಲಿಗೆ ನುಗ್ಗಲು ಸಾಕು. ಮುರಕಲ್ಲಿನ ತೂತಿಗೆ ಒಂದು ಪಾಲು ಸಿಮೆಂಟ್, ಮೂರು ಪಾಲು ಹೊಯ್ಗೆಯ (ಮರಳಿನ) ಜತೆ ಗಾಜಿನ ಚೂರು ಬೆರೆಸಿ ತುಂಬಿ. ಬರೇ ಮಣ್ಣು ಮೆತ್ತಿದರೆ ನಿಲ್ಲದು. ಹಂಚಿನ ಮನೆಯ ನಿಜವಾದ ಹೆಬ್ಬಾಗಿಲು ಗೋಡೆಯ ತಲೆಯಲ್ಲಿ, ಪಕಾಸುಗಳ ನಡುವೆ ಇದೆ. ಅಲ್ಲಿಗೆ 6 ಮಿ.ಮೀ. ಕಣ್ಣಿನ ಜಿಐ ಮೆಶ್ (ಸತು ಲೇಪಿಸಿದ ಕಬ್ಬಿಣದ ಬಲೆ) ಹೊಡೆಯಿರಿ. ಪ್ಲಾಸ್ಟಿಕ್ ಸೊಳ್ಳೆಬಲೆ ಇಲಿ ಹಲ್ಲಿಗೆ ಒಂದು ರಾತ್ರಿಯ ಕೆಲಸ. ಮಾಡಿಗೆ ತಾಗುವ ಮಡಲು, ಕೊಂಬೆ ಕಡಿಯಿರಿ. ಮನೆ ಪಕ್ಕದ ತೆಂಗಿಗೆ 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡು ಸುತ್ತಬಹುದು, ಆದರೆ ಪಕ್ಕದ ಮರದ ಮಡಲು ತಾಗುತ್ತಿದ್ದರೆ ದಂಡ.

ವಿಷ ಏನಿದ್ದರೂ ತೋಟಕ್ಕೆ. ಐದು ತೆಂಗಿಗೆ ಒಂದರಂತೆ ಮರದ ತಲೆಯಲ್ಲಿ ಬ್ರೊಮಾಡಿಯೋಲೋನಿನ 10 ಗ್ರಾಂ ಮೇಣದ ತುಂಡು ಇಟ್ಟು, 12 ದಿನ ಬಿಟ್ಟು ಇನ್ನೊಮ್ಮೆ ಇಡುವುದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಕ್ರಮ.

ಅಟ್ಟ ಗುಡಿಸುವ ಮೊದಲು ಅರ್ಧ ಗಂಟೆ ಕಿಟಕಿ ತೆರೆದಿಡಿ. ಒಣ ಹಿಕ್ಕೆಗೆ ಹಿಡಿಸೂಡಿ ತಾಗಿಸಬೇಡಿ, ಧೂಳು ಮೂಗಿಗೆ ಬರುತ್ತದೆ. ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಚಿಮುಕಿಸಿ, ಕಾಲು ಗಂಟೆ ಬಿಟ್ಟು ಬಟ್ಟೆಯಿಂದ ಒರೆಸಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳಕ್ಕೆ ಹೂಳಿ.

ಇಲಿಜ್ವರ ಮಾತ್ರ ಅಟ್ಟಕ್ಕಿಂತ ಹೆಚ್ಚಾಗಿ ಅಂಗಳ, ಹಟ್ಟಿ, ತೋಟದ ಕಣಿಯಿಂದ ಬರುತ್ತದೆ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ಬರಿಗಾಲಲ್ಲಿ ಉದುರಡಿಕೆ ಹೆಕ್ಕುವಾಗ ಒಡೆದ ಹಿಮ್ಮಡಿಯೇ ರೋಗಾಣುವಿಗೆ ದಾರಿ. ಗಂಬೂಟು ಹಾಕಿ. ಕೆಸರಿನ ಕೆಲಸದವರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ. ಡಾಕ್ಸಿಸೈಕ್ಲಿನ್ ಕೊಡುವ ಕ್ರಮವಿದೆ; ಗರ್ಭಿಣಿಯರೂ ಮಕ್ಕಳೂ ಇದನ್ನು ತಾವಾಗಿ ನುಂಗಬಾರದು, ಉಳಿದವರೂ ವೈದ್ಯರನ್ನು ಕೇಳಿಯೇ. ಕೆಸರಿಗಿಳಿದ ಮೇಲೆ, ಸಾಮಾನ್ಯವಾಗಿ 5ರಿಂದ 14 ದಿನದೊಳಗೆ, ಜ್ವರ, ಮೀನಖಂಡದ ಸೆಳೆತ, ಕಣ್ಣು ಕೆಂಪಾಗುವುದು ಕಂಡರೆ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ತೋಟದ ನೀರಿಗೆ ಇಳಿದದ್ದನ್ನು ಡಾಕ್ಟರು ಕೇಳುವ ಮೊದಲೇ ಹೇಳಿ.