ನಾಲ್ಕೂವರೆ ಲಕ್ಷದ ಬಾಕಿ ಕಂತಿನಲ್ಲಿ ತೀರಿಸಿದ್ದು

"ನೋಟಿಸ್ ಕಳಿಸಿದ ಮೇಲೆ ಯಾರೂ ಕಂತಿಗೆ ಒಪ್ಪಲ್ಲ" ಅಂತ ನನಗೆ ಹೇಳದವರಿಲ್ಲ. ಹೋದ ತಿಂಗಳು ಮೂವತ್ತನೇ ಕಂತು ಕಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಹಾರ್ಡ್‌ವೇರ್ ಅಂಗಡಿ. ಡಿಸ್ಟ್ರಿಬ್ಯೂಟರ್ ಹತ್ತಿರ ಉದ್ರಿ ಮಾಲು ಎತ್ತುವವರಿಗೆ ಬಾಕಿ ಹೇಗೆ ಬೆಳೆಯುತ್ತದೆಂದು ನಾನು ಹೇಳಬೇಕಿಲ್ಲ.

ಡಿಸ್ಟ್ರಿಬ್ಯೂಟರ್ ಕಡೆಯಿಂದ ಲಾಯರ್ ನೋಟಿಸ್ ಬಂದ ಗಾಬರಿಗೆ ಫೋನಿನಲ್ಲೇ "ತಿಂಗಳಿಗೆ 25,000 ಕೊಡ್ತೀನಿ ಸಾರ್" ಅಂದುಬಿಟ್ಟೆ. ಎರಡು ತಿಂಗಳು ಕೊಟ್ಟೆ, ಮೂರನೆಯದು ತಪ್ಪಿತು. ಆಮೇಲೆ ಅವರು ನನ್ನ ಫೋನೇ ಎತ್ತಲಿಲ್ಲ. ಆಗ ಉಳಿದಿದ್ದ ಅಸಲು ಸುಮಾರು ನಾಲ್ಕೂವರೆ ಲಕ್ಷ, ಮೇಲೆ ಬಡ್ಡಿ ಎಪ್ಪತ್ತು ಸಾವಿರದ ಆಸುಪಾಸು.

ಮುಂದಿನ ತಾರೀಖಿನ ಚೆಕ್ ಮಾತ್ರ ಕೊಡಬಾರದೆಂದು ಆಗಲೇ ತೀರ್ಮಾನಿಸಿದ್ದೆ. ಹಿಂದೊಮ್ಮೆ ಇನ್ನೊಬ್ಬ ಸಪ್ಲೈಯರ್‌ಗೆ ಕೊಟ್ಟ ಚೆಕ್ ಬೌನ್ಸ್ ಆಗಿ 138ನೇ ಸೆಕ್ಷನ್ ನೋಟಿಸ್, ಅಂದರೆ ದುಡ್ಡು ಕಟ್ಟದಿದ್ದರೆ ಕ್ರಿಮಿನಲ್ ಕೇಸ್ ಹಾಕುವ ನೋಟಿಸ್, ಬಂದಿತ್ತು. 15 ದಿನದ ಗಡುವು. ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ 60,000 ಕೈಸಾಲ ತಂದು ಕಟ್ಟಿದೆ. ಆ ಕೈಸಾಲ ಹರಿಯಲು ವರ್ಷ ಹಿಡಿಯಿತು. "ಮೂರು ವರ್ಷ ಎಳೆದುಬಿಡು, ದಾವೆಯ ಅವಧಿ ಮುಗಿಯುತ್ತೆ" ಅಂದವರೂ ಇದ್ದರು. ಆ ಅವಧಿ ಮುಗಿಯುವ ಮೊದಲೇ ಬಾಕಿ ಒಪ್ಪಿ ಸಹಿ ಹಾಕಿಕೊಟ್ಟ ಪತ್ರ ಅವರ ಕೈಯಲ್ಲಿದ್ದರೆ ಆ ಮೂರು ವರ್ಷ ಸಹಿಯ ದಿನದಿಂದ ಹೊಸದಾಗಿ ಶುರು. ನಾನು ಸಹಿ ಹಾಕಿಯೇ ಇದ್ದೆ. ಹಾಕದೇ ಇದ್ದರೂ ಎಳೆಯುತ್ತಿರಲಿಲ್ಲ, ಆ ಮಾಲು ಮಾರಿ ತಿಂದವನು ನಾನೇ.

ಕೊನೆಗೆ ಹದಿನಾಲ್ಕು ತಿಂಗಳ ವ್ಯಾಪಾರ ತೆಗೆದು, ಅತಿ ಕೆಟ್ಟ ಮೂರು ತಿಂಗಳ ಸರಾಸರಿ ಹಿಡಿದೆ. ಒಳ್ಳೆಯ ತಿಂಗಳ ಲೆಕ್ಕ ನೋಡಿ ಕಂತು ಹೇಳಿದ್ದೇ ಮೊದಲ ಸಲ ನಾನು ಕೆಟ್ಟಿದ್ದು. ಆರು ತಿಂಗಳು 8,000, ಆಮೇಲೆ ಇಪ್ಪತ್ತನಾಲ್ಕು ತಿಂಗಳು 15,000, ಶುರುವಿಗೆ 40,000. ಈ 40,000ವನ್ನು ಮೊದಲೇ ಅವರ ಖಾತೆಗೆ ಹಾಕಿ, ಪುಸ್ತಕ ಹಿಡಿದು ಅವರ ಗೋಡೌನ್‌ಗೇ ಹೋದೆ.

ಮಾಲೀಕರು ಪುಟ ತಿರುವಿ, "ಏನ್ರೀ, ಎರಡೂವರೆ ವರ್ಷ ಕಾಯ್ಬೇಕಾ ನಾನು?" ಅಂದರು.

"ಕೋರ್ಟಿಗೆ ಹೋದ್ರೂ ಕಾಯ್ಬೇಕು ಸಾರ್. ಹೀಗಾದ್ರೆ ಏಳನೇ ತಾರೀಖು ದುಡ್ಡು ಬರುತ್ತೆ. ನಾನು ತಪ್ಪಿದ್ರೆ ನಿಮ್ಮ ಕೈಲಿ ಡಿಕ್ರಿ ಇರುತ್ತೆ."

ಡಿಕ್ರಿ, ಅಂದರೆ ವಸೂಲಿಗೆ ಕೋರ್ಟ್ ಕೊಡುವ ತೀರ್ಪು, ಅಂದಿದ್ದು ಲೋಕ ಅದಾಲತ್ ಲೆಕ್ಕದಲ್ಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ರಾಜಿ ಮಾಡಿಸುತ್ತಾರೆ, ಕೋರ್ಟ್ ಶುಲ್ಕವಿಲ್ಲ. ಅಲ್ಲಿನ ಆದೇಶ ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ತಪ್ಪಿದರೆ ಅವರು ನೇರ ಜಾರಿ ಅರ್ಜಿ ಹಾಕಬಹುದು. ಸಾಲಗಾರನೇ ಇದನ್ನು ಕೇಳಿಕೊಂಡು ಬಂದದ್ದಕ್ಕೆ ಅವರಿಗೆ ನಂಬಿಕೆ ಬಂತು. ಬಡ್ಡಿ ಪೂರ್ತಿ ಬಿಟ್ಟರು. ಬಿಡಿಸಲು ನಾನಾಡಿದ ಮಾತೊಂದಿದೆ, ಅದನ್ನಿಲ್ಲಿ ಬರೆಯಲಾರೆ. ಇನ್ನೂ ಒಂದು ಕಡೆ ಆಡಬೇಕಿದೆ. ರಾಜಿ ಪತ್ರದಲ್ಲಿ ಎರಡು ಮಾತು ಹಟ ಹಿಡಿದು ಸೇರಿಸಿದೆ: ಸತತ ಎರಡು ಕಂತು ತಪ್ಪಿದರೆ ಮಾತ್ರ ಪೂರ್ತಿ ಬಾಕಿ ಒಮ್ಮೆಗೇ ಕೇಳಬಹುದು, ಖಾತೆ ತೆರೆದಾಗ ಭದ್ರತೆಗೆಂದು ಪಡೆದ ಎರಡು ಖಾಲಿ ಚೆಕ್ ವಾಪಸ್ ಕೊಡಬೇಕು.

ದುಡ್ಡು ಎತ್ತಿಡಲು ಮೊದಲು ಡಬ್ಬಿ ಇಟ್ಟೆ. ಹತ್ತೇ ದಿನಕ್ಕೆ ಅದು ಲಗೇಜ್ ಆಟೋ ಬಾಡಿಗೆಗೆ ಖಾಲಿಯಾಯಿತು. ಆಮೇಲೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಅದರ ಕ್ಯೂಆರ್ ಕೋಡನ್ನು ಬೆಳಿಗ್ಗೆ ಕೌಂಟರ್ ಮೇಲಿಟ್ಟೆ. 500 ಬಿದ್ದ ಕೂಡಲೇ ಅದನ್ನು ಮಗುಚಿ ಮಾಮೂಲಿ ಕೋಡ್ ಇಡುವುದು. ಕೆಲವು ದಿನ ಒಂಬತ್ತೂವರೆಗೇ ಮಗುಚುತ್ತಿತ್ತು, ಮಳೆಗಾಲದಲ್ಲಿ ಸಂಜೆವರೆಗೂ ನಿಂತದ್ದಿದೆ. ಆ ಖಾತೆಯ ಎಟಿಎಂ ಕಾರ್ಡ್ ಹೆಂಡತಿ ಹತ್ತಿರ. ಇದೇ ಪ್ರಯೋಗವನ್ನು ಅಂಗಡಿ ಬಾಡಿಗೆಗೂ ಮಾಡಿ ನೋಡಿದೆ, ಎರಡೆರಡು ಕೋಡ್ ನೋಡಿ ಗಿರಾಕಿಗಳಿಗೆ ಗೊಂದಲವಾಗಿ ಬಿಟ್ಟೆ.

ಮೂವತ್ತರಲ್ಲಿ ಒಂದೇ ಕಂತು ತಡವಾಯಿತು, ನಾಲ್ಕು ದಿನ. ಐದನೇ ತಾರೀಖೇ ಫೋನ್ ಮಾಡಿ ಹೇಳಿದ್ದೆ, ಮಾಲೀಕರು "ಸರಿ" ಅಂದರು ಅಷ್ಟೇ. ಹೋದ ತಿಂಗಳು ಬಾಕಿ ಇಲ್ಲವೆಂಬ ಪತ್ರಕ್ಕೆ ಪಿನ್ ಹೊಡೆದು ಆ ಎರಡು ಚೆಕ್ಕನ್ನೂ ಕೊಟ್ಟರು. ಈ ವಾರ ಅವರ ಸೇಲ್ಸ್ ಹುಡುಗ ಬಂದು ಆರ್ಡರ್ ಕೇಳಿದ. ಬರೆಸಿದೆ, ನಗದಿಗೆ.