ಇಂಗುಗುಂಡಿಗೆ ಬಿಟ್ಟ ಉಪ್ಪು

ಚೆನ್ನೈ ಕಡಲತೀರದಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ನಿರ್ಲವಣೀಕರಣ ಘಟಕವೊಂದರಲ್ಲಿ ನಾಲ್ಕು ವರ್ಷ ಆಪರೇಟರ್ ಆಗಿದ್ದು, ಈಗ ಚಳ್ಳಕೆರೆ ತಾಲ್ಲೂಕಿನ ಕೆಲವು ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುತ್ತಿದ್ದೇನೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರನ್ನು, ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ಮೆಂಬ್ರೇನ್ (ತೆಳು ಪೊರೆ) ದಾಟಿಸಲು 55ರಿಂದ 70 ಬಾರ್ ಒತ್ತಡ ಬೇಕು. ಪೊರೆ ದಾಟದೆ ಉಪ್ಪಿನೊಡನೆ ಹೊರಬೀಳುವ ರಿಜೆಕ್ಟ್ ನೀರಿನಲ್ಲಿ ಉಳಿದ ಒತ್ತಡವನ್ನು ಒಳಬರುವ ನೀರಿಗೆ ವರ್ಗಾಯಿಸುವ ಸಾಧನವಿದ್ದರೂ ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ನಮ್ಮ ಕೊಳವೆಬಾವಿಯ ನೀರಿಗೆ ಸುಮಾರು 10 ಬಾರ್ ಒತ್ತಡವೇ ಸಾಕಾಗುವುದರಿಂದ ಊರಿನ ಕೆಲಸ ಹಗುರವೆಂದೇ ಭಾವಿಸಿದ್ದೆ.

ಕಡಲಿಗೆ ಬಿಡುವ ರಿಜೆಕ್ಟ್ ನೀರು ಸುಮಾರು ಎರಡರಷ್ಟು ಉಪ್ಪಾಗಿದ್ದು, ಭಾರಕ್ಕೆ ತಳಕ್ಕಿಳಿದು ಅಲ್ಲಿನ ಜೀವಿಗಳಿಗೆ ಕಂಟಕವಾಗುತ್ತದೆ. ಆದ್ದರಿಂದ ಅದನ್ನು ನೀರೆತ್ತುವ ಜಾಗದಿಂದ ದೂರ ಒಯ್ದು, ಸಣ್ಣ ಮೂತಿಗಳಿಂದ ಚಿಮ್ಮಿಸಿ ಬೆರೆಸುತ್ತಾರೆ. ಇಲ್ಲದಿದ್ದರೆ ಬಿಟ್ಟ ಉಪ್ಪೇ ತಿರುಗಿ ಪಂಪಿಗೆ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ, ಊರಿನ ಘಟಕವೊಂದರ ರಿಜೆಕ್ಟ್ ನೀರನ್ನು ಕೊಳವೆಬಾವಿಯಿಂದ ಇಪ್ಪತ್ತು ಅಡಿ ಆಚೆಯ ಇಂಗುಗುಂಡಿಗೆ ಬಿಟ್ಟವನು ನಾನೇ. ಬರದ ಸೀಮೆಯಲ್ಲಿ ನೀರು ಇಂಗಿಸುವವನನ್ನು ಯಾರು ತಡೆದಾರು? ಬಾವಿಯ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 1,400 ಮಿಲಿಗ್ರಾಂ ಇದ್ದದ್ದು ಎರಡು ಬೇಸಿಗೆಯೊಳಗೆ 1,900 ತಲುಪಿತು, 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್ 2.4ರಿಂದ 3ಕ್ಕೆ ಏರಿತು. ಬೇಸಿಗೆಯ ಪಾಲೂ ಇದ್ದೀತೆಂದುಕೊಂಡೆ, ಆದರೆ ಸುತ್ತಲಿನ ಬಾವಿಗಳಲ್ಲಿ ಅಂಥ ಏರಿಕೆ ಇರಲಿಲ್ಲ. ಬಂಡೆಯ ಬಿರುಕುಗಳಲ್ಲಿ ಇಳಿದ ಉಪ್ಪು ನಮ್ಮ ಪಂಪಿಗೇ ಮರಳುತ್ತಿತ್ತು.

ರಿಜೆಕ್ಟ್ ಪ್ರಮಾಣವನ್ನೇ ತಗ್ಗಿಸೋಣವೆಂದು ವಾಲ್ವ್ ಬಿಗಿಮಾಡಿ, ಶೇ 50 ಇದ್ದ ಸಿಹಿನೀರಿನ ಪಾಲನ್ನು ಶೇ 70ಕ್ಕೆ ಏರಿಸಿದೆ. ಆಗ ರಿಜೆಕ್ಟ್ ನೀರಿನ ಉಪ್ಪು ಮೂಲ ನೀರಿನ ಮೂರು ಪಟ್ಟು ಮೀರಿ, ಕ್ಯಾಲ್ಸಿಯಂ ಮತ್ತು ಸಿಲಿಕಾ ಮೆಂಬ್ರೇನ್ ಮೇಲೆ ಹರಳುಗಟ್ಟಿದವು. ಆಸಿಡ್ ತೊಳೆತಕ್ಕೆ ಸುಣ್ಣ ಬಿಟ್ಟಿತು, ಸಿಲಿಕಾ ಬಿಡಲಿಲ್ಲ. ಎರಡು ಮೆಂಬ್ರೇನ್ ಬದಲಿಸಬೇಕಾಯಿತು. ಕೊನೆಗೆ ಹರಳುಗಟ್ಟುವುದನ್ನು ತಡೆಯುವ ರಾಸಾಯನಿಕದ (ಆಂಟಿಸ್ಕೇಲೆಂಟ್) ಅಳತೆ ಸರಿಪಡಿಸಿ ಶೇ 55ಕ್ಕೆ ನಿಲ್ಲಿಸಿದೆ.

ಗುಂಡಿ ಮುಚ್ಚಿ, ಇಳಿಜಾರಿನ ಕಡೆಗೆ ಪೈಪ್ ಎಳೆದು, ಆ ನೀರನ್ನು ಶಾಲೆಯ ಶೌಚಾಲಯಕ್ಕೂ ಟ್ರ್ಯಾಕ್ಟರ್ ತೊಳೆಯಲಿಕ್ಕೂ ಕೊಟ್ಟೆವು. ಕುರಿಗಾಹಿಗಳು ತೊಟ್ಟಿಗೆ ಬಿಡಿ ಎಂದರು. ಫ್ಲೋರೈಡ್ ಇನ್ನಷ್ಟು ದಟ್ಟವಾಗಿರುವ ನೀರನ್ನು ಜಾನುವಾರುಗಳಿಗೆ ಕುಡಿಸಲು ನಾನು ಒಪ್ಪಲಿಲ್ಲ. ಹೀಗೆ ಬಳಸಿದರೂ ಉಪ್ಪು ಅದೇ ನೆಲ ಸೇರುತ್ತದೆ, ಬಾವಿಯಿಂದ ದೂರ ಎಂಬುದಷ್ಟೇ ಲಾಭ. ಪ್ಲಾಸ್ಟಿಕ್ ಹಾಸಿದ ಕೊಳದಲ್ಲಿ ಆವಿಯಾಗಿಸಬಹುದಾದರೂ, ದಿನಕ್ಕೆ 5 ಮಿ.ಮೀ. ಆರುತ್ತದೆಂದು ಹಿಡಿದರೆ ದಿನಕ್ಕೆ ಹೊರಬೀಳುವ ನಮ್ಮ 5,000 ಲೀಟರ್ ರಿಜೆಕ್ಟ್ ನೀರಿಗೆ ಸುಮಾರು ಹತ್ತು ಗುಂಟೆ ಜಾಗ ಬೇಕು. ಗೋಮಾಳದಲ್ಲಿ ಅಷ್ಟು ಜಾಗ ಕೇಳಿ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ.