ಹಳೆ ಮರದ ಕಪಾಟಿಗೆ ಸವೆದ ಬಣ್ಣದ ಹಳ್ಳಿ ಸೊಗಸು

ಬಣ್ಣ ಸವೆದ ಕಪಾಟು ಸಹಜವಾಗಿ ಕಾಣುತ್ತದೋ, ಬೇಕಂತಲೇ ಕೆರೆದಂತೆ ಕಾಣುತ್ತದೋ ಎನ್ನುವುದು ಬಣ್ಣ ಎಲ್ಲಿ ಹೋಗಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಬಾಗಿಲು, ಡ್ರಾಯರ್‌ಗಳನ್ನು ಕೆಲವು ಸಲ ತೆರೆದು ಮುಚ್ಚಿ, ಕೈ ಎಲ್ಲಿ ತಾಗುತ್ತದೆ ನೋಡಿಕೊಳ್ಳಿ. ಹಿಡಿಯ ಸುತ್ತ, ಬಾಗಿಲಿನ ತೆರೆಯುವ ಅಂಚು, ಮೇಲ್ಹಲಗೆಯ ಮುಂದಿನ ಅಂಚು, ಕಾಲು ತಾಗುವ ಕೆಳಪಟ್ಟಿ, ಹೊರಮೂಲೆಗಳು: ಸವೆತ ಬರಬೇಕಾದದ್ದು ಇಲ್ಲಿ. ಬಾಗಿಲಿನ ನಟ್ಟನಡುವೆ ಯಾರ ಕೈಯೂ ಹೋಗುವುದಿಲ್ಲ, ಅಲ್ಲಿ ಬಣ್ಣ ಉಳಿಯಲಿ.

ಕಪಾಟು ಗಟ್ಟಿ ಮರದ್ದೋ, ವೆನೀರ್ (ಮರದ ತೆಳು ಹಾಳೆ) ಅಂಟಿಸಿದ್ದೋ ತಿಳಿಯಲು ಹಲಗೆಯ ಅಡ್ಡ ಅಂಚನ್ನು ನೋಡಿ. ಮೇಲ್ಮೈಯ ಎಳೆಗಳು ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ. ವೆನೀರ್ ಪದರ ಸಾಮಾನ್ಯವಾಗಿ 1 ಮಿ.ಮೀ.ಗಿಂತ ತೆಳು. ಜೋರಾಗಿ ಉಜ್ಜಿದರೆ ಒಳಗಿನ ಪ್ಲೈವುಡ್ ಅಥವಾ ಪುಡಿಹಲಗೆ ಕಾಣಿಸುತ್ತದೆ, ಅದನ್ನು ಮುಚ್ಚುವುದು ಕಷ್ಟ. ಅಂಥ ಕಪಾಟಿನಲ್ಲಿ ಮರದವರೆಗೆ ಉಜ್ಜಬೇಡಿ. ಮುಂದೆ ಹೇಳುವ ಕೆಳಬಣ್ಣ ಕಾಣುವಷ್ಟೇ ಸಾಕು.

ಕಪಾಟಿನ ಮೇಲೆ ತುಂಬಾ ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು. ಸೀಸ ಪತ್ತೆಹಚ್ಚುವ ಪರೀಕ್ಷಾ ಕಿಟ್‌ನಿಂದ ನೋಡದೆ ಆ ಬಣ್ಣವನ್ನು ಉಜ್ಜಬೇಡಿ. ಸೀಸ ಇದೆ ಎಂದಾದರೆ ಈ ವಿಧಾನವನ್ನೇ ಕೈಬಿಟ್ಟು, ಆ ಕೆಲಸ ಬಲ್ಲವರಿಗೆ ಒಪ್ಪಿಸಿ.

ಬಾಗಿಲು, ಹಿಡಿ, ಕೀಲುಗಳನ್ನು ಬಿಚ್ಚಿ, ಯಾವುದು ಎಲ್ಲಿಯದು ಎಂದು ಟೇಪಿನ ಮೇಲೆ ಬರೆದಿಡಿ. ಇನ್ನು ತೊಳೆಯುವುದು. ಬಣ್ಣ ಕಿತ್ತುಬರುವುದಕ್ಕೆ ಮುಖ್ಯ ಕಾರಣ ಕೆಳಗೆ ಉಳಿದ ಎಣ್ಣೆಜಿಡ್ಡು ಮತ್ತು ಹಳೆ ಪಾಲಿಶ್‌ನ ಮೇಣ. 1 ಲೀಟರ್ ಬೆಚ್ಚಗಿನ ನೀರಿಗೆ 1 ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಲು ಬಿಡಿ. ಮೇಲೊಂದು ಹನಿ ನೀರು ಬಿಟ್ಟು ನೋಡಿ. ಅದು ಮುತ್ತಿನಂತೆ ದುಂಡಗೆ ನಿಂತರೆ ಮೇಣ ಇನ್ನೂ ಇರಬಹುದು. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ, ಬಟ್ಟೆಯ ಮಗ್ಗುಲು ಬದಲಿಸುತ್ತಾ ಒರೆಸಿ ತೆಗೆಯಿರಿ. ನಂತರ ಮಾಸ್ಕ್ ಹಾಕಿಕೊಂಡು, 150 ಗ್ರಿಟ್‌ನ (ಗ್ರಿಟ್ ಎಂದರೆ ಒರಟುತನದ ಅಂಕಿ, ಅಂಕಿ ಹೆಚ್ಚಿದಷ್ಟೂ ನಯ) ಸ್ಯಾಂಡ್‌ಪೇಪರ್‌ನಿಂದ ಮರದ ಎಳೆಯ ಉದ್ದಕ್ಕೆ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ಒರೆಸಿ. ಸಡಿಲವಾದ ಜೋಡಣೆಗೆ ಅಂಟು ಹಾಕಿ. ಸಣ್ಣಪುಟ್ಟ ತಗ್ಗು, ಗೀರುಗಳನ್ನು ಮುಚ್ಚುವ ಅಗತ್ಯವಿಲ್ಲ, ಈ ಶೈಲಿಗೆ ಅವು ಒಪ್ಪುತ್ತವೆ.

ತೇಗ, ಮಹಾಗನಿ, ಓಕ್ ಅಥವಾ ಗಂಟುಗಳಿರುವ ಪೈನ್ ಆದರೆ ತಿಳಿಬಣ್ಣದ ಮೇಲೆ ಹಳದಿ, ಕಂದು ಕಲೆ ಏಳುತ್ತದೆ. ಮರದೊಳಗಿನ ಟ್ಯಾನಿನ್ ಎಂಬ ಒಗರು ಅಂಶ ಮತ್ತು ರಾಳ ಮೇಲೆ ಬರುವುದೇ ಇದಕ್ಕೆ ಕಾರಣ. ಎಷ್ಟು ಕೋಟ್ ಬಣ್ಣ ಬಳಿದರೂ ಅದು ಇಣುಕುತ್ತಲೇ ಇರುತ್ತದೆ. ಬಣ್ಣಕ್ಕೆ ಮೊದಲು ಶೆಲ್ಯಾಕ್ (ಅರಗಿನ) ಪ್ರೈಮರ್ ಒಂದು ಕೋಟ್, ಗಂಟುಗಳ ಮೇಲೆ ಎರಡು ಕೋಟ್ ಹಾಕಿದರೆ ಕಲೆ ತಡೆಯುತ್ತದೆ.

ಸಾಮಾನ್ಯ ಎಮಲ್ಷನ್ ಬಣ್ಣ ಉಜ್ಜಿದಾಗ ರಬ್ಬರಿನ ಪಟ್ಟಿಗಳಾಗಿ ಸುಲಿದು ಬರುತ್ತದೆ. ಸವೆತಕ್ಕೆ ಬೇಕಾದದ್ದು ಪುಡಿಯಾಗಿ ಹೋಗುವ ಚಾಕ್ ಮಾದರಿಯ ಬಣ್ಣ. ಇದನ್ನು ಸ್ವತಃ ಮಾಡಿಕೊಳ್ಳಬಹುದು: ⅓ ಕಪ್ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ⅓ ಕಪ್ ನೀರು ಸೇರಿಸಿ ಗಂಟಿಲ್ಲದಂತೆ ಕಲಸಿ, ಅದನ್ನು 1 ಕಪ್ ಹೊಳಪಿಲ್ಲದ ಎಮಲ್ಷನ್‌ಗೆ ಬೆರೆಸಿ. ಪುಡಿಯನ್ನು ನೇರ ಬಣ್ಣಕ್ಕೆ ಸುರಿದರೆ ಹರಳುಗಟ್ಟುತ್ತದೆ. ಬೆರೆಸಿದ್ದು ಬೇಗ ಗಟ್ಟಿಯಾಗುವುದರಿಂದ ಆಗಾಗ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ಬಣ್ಣ ಎರಡು ಇರಲಿ. ಕೆಳಗೆ ಗಾಢವಾದದ್ದು: ಇಟ್ಟಿಗೆ ಕೆಂಪು, ಕಡುಹಸಿರು ಅಥವಾ ಕಾಫಿ ಬಣ್ಣ. ಮೇಲೆ ಕೆನೆ, ಬೂದಿನೀಲಿ ಅಥವಾ ಮಾಸಲು ಹಸಿರು. ಕೆಳಬಣ್ಣ ಚೆನ್ನಾಗಿ ಒಣಗಿದ ಮೇಲೆ, ಮೊದಲೇ ಗುರುತಿಸಿದ ಅಂಚುಗಳಿಗೆ ಬಿಳಿ ಮೇಣದಬತ್ತಿಯ ಮಗ್ಗುಲನ್ನು ಉಜ್ಜಿ. ಮೇಣ ಕೂತ ಕಡೆ ಮೇಲಿನ ಬಣ್ಣ ಹಿಡಿಯದೆ ಸುಲಭವಾಗಿ ಏಳುತ್ತದೆ. ಉದ್ದಕ್ಕೂ ಒಂದೇ ಸಮ ಉಜ್ಜದೆ ಅಲ್ಲಲ್ಲಿ ತುಂಡು ತುಂಡಾಗಿ, ಮೂಲೆಯಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ ಇರಲಿ. ಉದುರಿದ ಮೇಣದ ಚೂರುಗಳನ್ನು ಒರೆಸಿಬಿಡಿ. ಮೇಲಿನ ಬಣ್ಣವನ್ನು ಎರಡು ತೆಳು ಕೋಟ್‌ಗಳಲ್ಲಿ ಬಳಿಯಿರಿ. ದಪ್ಪಗೆ ಬಳಿದರೆ ಸವೆತದ ಅಂಚು ಮೆಟ್ಟಿಲಿನಂತೆ ನಿಂತು ಕೃತಕವಾಗಿ ಕಾಣುತ್ತದೆ.

ಒಂದು ರಾತ್ರಿ ಒಣಗಿದ ಮೇಲೆ, ಮೇಣವಿದ್ದ ಕಡೆ ಪುಟ್ಟಿ ಬ್ಲೇಡನ್ನು ಓರೆಯಾಗಿ ಎಳೆಯಿರಿ, ಬಣ್ಣ ಚೂರುಚೂರಾಗಿ ಬರುತ್ತದೆ. ನಂತರ 220 ಗ್ರಿಟ್ ಕಾಗದವನ್ನು ಮರದ ತುಂಡಿಗೆ ಸುತ್ತದೆ ಬೆರಳಿನಿಂದಲೇ ಒತ್ತಿ ಉಜ್ಜಿ. ಬೆರಳು ಅಂಚಿಗೆ ತಕ್ಕಂತೆ ಬಾಗುವುದರಿಂದ ಸವೆತ ನಯವಾಗಿ ಮಸುಕಾಗುತ್ತದೆ. ಆಗಾಗ ದೂರ ನಿಂತು ನೋಡಿ. ಸಾಲದು ಅನಿಸಿದಾಗಲೇ ನಿಲ್ಲಿಸುವುದು ಒಳ್ಳೆಯದು. ನಾಳೆ ಇನ್ನಷ್ಟು ಉಜ್ಜಬಹುದು, ಹೋದದ್ದನ್ನು ತರಬೇಕೆಂದರೆ ಮತ್ತೆ ಬಣ್ಣವೇ ಗತಿ.

ಧೂಳು ತೆಗೆದು ಬಣ್ಣವಿಲ್ಲದ ಪೀಠೋಪಕರಣ ಮೇಣವನ್ನು ತೆಳುವಾಗಿ ಹಚ್ಚಿ ಒರೆಸಿ. ಸಂದುಗಳಿಗೆ ಹಳತನ ಬೇಕಿದ್ದರೆ ಕಂದು ಮೇಣ ಇದರ ಮೇಲೆ ಬರಬೇಕು. ನೇರವಾಗಿ ಹಚ್ಚಿದರೆ ಬಣ್ಣ ಅದನ್ನು ಹೀರಿಕೊಂಡು ಕಲೆ ಖಾಯಂ ಆಗುತ್ತದೆ. ನೀರು, ಜಿಡ್ಡು ತಾಗುವ ಕಡೆ ಇಡುವ ಕಪಾಟಾದರೆ ಈ ಮೇಣಗಳ ಬದಲು ನೀರು ಆಧಾರಿತ ಮ್ಯಾಟ್ (ಹೊಳಪಿಲ್ಲದ) ಪಾಲಿಯುರೆಥೇನ್ ವಾರ್ನಿಶ್ ಹಾಕಿ. ಆದರೆ ಮೇಣದಬತ್ತಿಯ ಅಂಶ ಉಳಿದ ಕಡೆ ವಾರ್ನಿಶ್ ಹಿಡಿಯುವುದಿಲ್ಲ, ಆ ಜಾಗಗಳನ್ನು ಮೊದಲು ಪೂರ್ತಿ ಉಜ್ಜಿ ತೆಗೆಯಿರಿ. ಟರ್ಪೆಂಟೈನ್, ಮೇಣ ಹಿಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬೇಡಿ. ಹೊರಗೆ ಬಿಡಿಸಿ ಒಣಗಿಸಿ, ಇಲ್ಲದಿದ್ದರೆ ಬೆಂಕಿಯ ಅಪಾಯ.

ಬಾಗಿಲು ಕೂರಿಸುವಾಗ ಬಿಗಿಯಾದರೆ ತಾಗುವ ಅಂಚಿನ ಬಣ್ಣವನ್ನಷ್ಟೇ ಉಜ್ಜಿ ಇಳಿಸಿ. ಬಣ್ಣ ಮುಟ್ಟಲು ಒಣಗಿದ್ದರೂ ಒಳಗೆ ಗಟ್ಟಿಯಾಗಲು 3-4 ವಾರ ಬೇಕು. ಅಲ್ಲಿಯವರೆಗೆ ಹಲಗೆಗಳ ಮೇಲೆ ಭಾರದ ಸಾಮಾನು ಇಟ್ಟರೆ ಅದು ಅಂಟಿಕೊಂಡು, ಎತ್ತುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.